ತನಗೆ ತಾನೇ ತಂದೆಯಾದವನು: ಕಾಲಯಾನದ ಒಂದು ಚಲನಚಿತ್ರ ಮತ್ತು ಪೂರ್ವನೇಮಕದ ಬೋಧನೆ

ದೈವಶಾಸ್ತ್ರದ ಪಾರಿಭಾಷಿಕ ಪದವೊಂದು ಚಲನಚಿತ್ರದ ಶೀರ್ಷಿಕೆಯಾಗುವುದು ಅಪರೂಪ. ಆಸ್ಟ್ರೇಲಿಯಾದ ಸೋದರ ನಿರ್ದೇಶಕರಾದ ಮೈಕೆಲ್ ಮತ್ತು ಪೀಟರ್ ಸ್ಪಿಯರಿಗ್ 2014ರಲ್ಲಿ ತೆರೆಗೆ ತಂದ ವೈಜ್ಞಾನಿಕ ಕಲ್ಪನೆಯ ಚಿತ್ರಕ್ಕೆ ‘ಪ್ರೀಡೆಸ್ಟಿನೇಷನ್’ ಎಂದೇ ಹೆಸರು. ಕನ್ನಡದಲ್ಲಿ ನಾವು ಇದನ್ನು ಪೂರ್ವನೇಮಕವೆಂದೋ ಪೂರ್ವನಿರ್ಣಯವೆಂದೋ ಕರೆಯುತ್ತೇವೆ. ಸಂತ ಪೌಲರ ಪತ್ರಗಳಿಂದ ಹೊರಟು, ಸಂತ ಅಗಸ್ಟೀನ್ ಮತ್ತು ಸಂತ ತೋಮಸ್ ಅಕ್ವಿನಾಸರ ಮೂಲಕ ಹಾದು, ತ್ರೆಂತ್ ಮಹಾಸಭೆಯವರೆಗೆ ಧರ್ಮಸಭೆಯನ್ನು ಚಿಂತನೆಗೆ ಹಚ್ಚಿದ ಈ ಪದವು ಇಂದು ಅನೇಕ ಯುವಜನರಿಗೆ ಮೊದಲು ಪರಿಚಯವಾಗುವುದು ಮೊಬೈಲ್ ಫೋನಿನ ಪರದೆಯ ಮೇಲೆ, ಒಂದು ರೋಚಕ ಕಥೆಯ ಹೆಸರಾಗಿ.

ಇದರಿಂದ ಹಾನಿಯಾಯಿತೆಂದು ದೂರಬೇಕಾಗಿಲ್ಲ. ಚಿತ್ರವು ಆ ಪದಕ್ಕೆ ಕೊಡುವ ಅರ್ಥವನ್ನು ಸ್ಪಷ್ಟವಾಗಿ ಗುರುತಿಸಿದರೆ, ಧರ್ಮಸಭೆಯು ಅದೇ ಪದಕ್ಕೆ ಕೊಡುವ ಅರ್ಥವು ಅದಕ್ಕಿಂತ ಹೇಗೆ ಬೇರೆ ಎಂಬುದನ್ನು ಬೋಧಿಸಲು ನಮಗೆ ಸುಲಭವಾಗುತ್ತದೆ. ಇದು ಕೇವಲ ತರಗತಿಯ ಪ್ರಶ್ನೆಯಲ್ಲ. ಅಕಾಲ ಮರಣ ಸಂಭವಿಸಿದ ಮನೆಯ ಜಗುಲಿಯಲ್ಲಿ ಗುರುಗಳು ಕುಳಿತಾಗ ಹಿರಿಯರೊಬ್ಬರು ‘ಹಣೇಲಿ ಬರೆದದ್ದ ತಪ್ಪಿಸಕ್ಕಾದದಾ ಸ್ವಾಮಿ’ ಎನ್ನುತ್ತಾರೆ. ಕಾಲೇಜಿನಲ್ಲಿ ಓದುವ ಮೊಮ್ಮಗಳು, ‘ದೇವರಿಗೆ ಎಲ್ಲವೂ ಮೊದಲೇ ಗೊತ್ತಿತ್ತಲ್ಲವೇ ಫಾದರ್? ಹಾಗಿದ್ದರೆ ನಮ್ಮ ಪ್ರಾರ್ಥನೆ ಏನು ಮಾಡಿತು?’ ಎಂದು ಕೇಳುತ್ತಾಳೆ. ಇಬ್ಬರ ಮಾತೂ ಒಂದೇ ಕಡೆಗೆ ಹೋಗುತ್ತದೆ. ಅಲ್ಲಿ ನಾವು ಏನು ಹೇಳುತ್ತೇವೆ ಎಂಬುದರಲ್ಲಿ ದೇವರ ಕುರಿತು ಅವರು ಮುಂದೆ ಏನನ್ನು ನಂಬುತ್ತಾರೆ ಎಂಬುದು ಅಡಗಿದೆ.

ಚಿತ್ರದ ಕಥೆ

ಈ ಚಿತ್ರದ ಮೂಲ ಅಮೆರಿಕದ ಲೇಖಕ ರಾಬರ್ಟ್ ಹೈನ್ಲೈನ್ 1959ರಲ್ಲಿ ಪ್ರಕಟಿಸಿದ ‘ಆಲ್ ಯೂ ಝೋಂಬೀಸ್’ ಎಂಬ ಸಣ್ಣಕಥೆ. ಕಥೆಯ ತಿರುವುಗಳನ್ನು ಮುಚ್ಚಿಟ್ಟು ಚಿತ್ರದ ಕುರಿತು ವಿಚಾರ ಮಾಡಲು ಸಾಧ್ಯವಿಲ್ಲ. ಆದುದರಿಂದ ಅದನ್ನು ಪೂರ್ಣವಾಗಿ ಹೇಳಬೇಕಾಗುತ್ತದೆ.

1945ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ಅನಾಥಾಲಯದ ಬಾಗಿಲಲ್ಲಿ ಯಾರೋ ಒಂದು ಹೆಣ್ಣುಮಗುವನ್ನು ಬಿಟ್ಟುಹೋಗುತ್ತಾರೆ. ಜೇನ್ ಎಂಬ ಹೆಸರಿನ ಆ ಮಗು ಬುದ್ಧಿವಂತೆಯಾಗಿ, ಆದರೆ ಯಾರಿಗೂ ಬೇಡದವಳಾಗಿ ಬೆಳೆಯುತ್ತದೆ. 1963ರಲ್ಲಿ ಅಪರಿಚಿತನೊಬ್ಬ ಅವಳನ್ನು ಪ್ರೀತಿಸಿ, ಒಂದು ದಿನ ಇದ್ದಕ್ಕಿದ್ದಂತೆ ಕಾಣೆಯಾಗುತ್ತಾನೆ. ಮರುವರ್ಷ ಜೇನ್ ಹೆಣ್ಣುಮಗುವಿಗೆ ಜನ್ಮ ಕೊಡುತ್ತಾಳೆ. ಹೆರಿಗೆಯ ಶಸ್ತ್ರಚಿಕಿತ್ಸೆಯ ವೇಳೆ, ಆಕೆಯ ದೇಹದಲ್ಲಿ ಹುಟ್ಟಿನಿಂದಲೇ ಗಂಡು ಹೆಣ್ಣು ಎರಡರ ಅಂಗರಚನೆಯೂ ಇರುವುದು ವೈದ್ಯರಿಗೆ ತಿಳಿಯುತ್ತದೆ. ರಕ್ತಸ್ರಾವದಿಂದ ಗರ್ಭಕೋಶವನ್ನು ತೆಗೆಯಬೇಕಾಗಿ ಬಂದು, ಮುಂದಿನ ಚಿಕಿತ್ಸೆಗಳ ಬಳಿಕ ಆಕೆ ಪುರುಷನಾಗಿ, ಜಾನ್ ಎಂಬ ಹೆಸರಿನಲ್ಲಿ ಬದುಕತೊಡಗುತ್ತಾಳೆ. ಅಷ್ಟರಲ್ಲಿ ಯಾರೋ ಮಗುವನ್ನು ಆಸ್ಪತ್ರೆಯಿಂದ ಕದ್ದೊಯ್ದಿರುತ್ತಾರೆ.

1970ರಲ್ಲಿ ನ್ಯೂಯಾರ್ಕಿನ ಮದ್ಯದಂಗಡಿಯೊಂದರಲ್ಲಿ ಜಾನ್ ತನ್ನ ಈ ಬದುಕನ್ನು ಅಲ್ಲಿ ಮದ್ಯ ಸುರಿದುಕೊಡುವವನ ಮುಂದೆ ಹೇಳಿಕೊಳ್ಳುತ್ತಾನೆ. ಕೇಳಿಸಿಕೊಳ್ಳುತ್ತಿರುವವನು ವಾಸ್ತವವಾಗಿ ಕಾಲದಲ್ಲಿ ಹಿಂದೆ ಮುಂದೆ ಸಂಚರಿಸಿ ಅಪರಾಧಗಳನ್ನು ತಡೆಯುವ ಗುಪ್ತ ಸಂಸ್ಥೆಯೊಂದರ ಪ್ರತಿನಿಧಿ. ‘ನಿನ್ನ ಬದುಕನ್ನು ಹಾಳುಮಾಡಿದವನನ್ನು ನಿನ್ನ ಕೈಗೆ ಒಪ್ಪಿಸುತ್ತೇನೆ’ ಎಂಬ ಆಮಿಷವೊಡ್ಡಿ ಆತ ಜಾನ್‌ನನ್ನು 1963ಕ್ಕೆ ಕರೆದೊಯ್ಯುತ್ತಾನೆ. ಅಲ್ಲಿ ಜಾನ್ ಎದುರುಗೊಳ್ಳುವುದು ಜೇನ್‌ಳನ್ನು, ಅಂದರೆ ತನ್ನನ್ನೇ. ತಾನು ದ್ವೇಷಿಸುತ್ತಿದ್ದ ಆ ಅಪರಿಚಿತನು ತಾನೇ ಎಂದು ಅವನಿಗೆ ಆಗ ಅರಿವಾಗುತ್ತದೆ. ಹುಟ್ಟಿದ ಮಗುವನ್ನು ಆ ಪ್ರತಿನಿಧಿಯೇ ಕದ್ದು 1945ಕ್ಕೆ ಒಯ್ದು ಅನಾಥಾಲಯದಲ್ಲಿ ಬಿಡುತ್ತಾನೆ. ಆ ಮಗುವೇ ಜೇನ್. ಮುಂದೆ ಅದೇ ಸಂಸ್ಥೆಗೆ ಸೇರುವ ಜಾನ್, ಬಾಂಬ್ ಸ್ಫೋಟದಲ್ಲಿ ಮುಖ ಸುಟ್ಟು ಹೊಸ ಮುಖ ಪಡೆದಾಗ, ಆ ಪ್ರತಿನಿಧಿಯಾಗುತ್ತಾನೆ. ತಾಯಿ, ತಂದೆ, ಮಗು, ಮಗುವನ್ನು ಕದ್ದವನು, ಕಥೆ ಕೇಳಿದವನು ಎಲ್ಲರೂ ಒಬ್ಬರೇ.

ಕೊನೆಯ ತಿರುವು ಇನ್ನೂ ಕಠೋರವಾದದ್ದು. 1975ರಲ್ಲಿ ನ್ಯೂಯಾರ್ಕಿನಲ್ಲಿ ಸಾವಿರಾರು ಜನರನ್ನು ಕೊಲ್ಲಲಿರುವ ಬಾಂಬುಗಾರನನ್ನು ಈ ಪ್ರತಿನಿಧಿ ತನ್ನ ಸೇವಾಕಾಲವೆಲ್ಲ ಬೆನ್ನಟ್ಟಿರುತ್ತಾನೆ. ನಿವೃತ್ತನಾದ ಮೇಲೆ ಅವನನ್ನು ಹಿಡಿದಾಗ ಎದುರಿಗೆ ಕಾಣುವುದು ಮುದಿಯಾದ ತನ್ನದೇ ಮುಖ. ನೀನು ನನ್ನನ್ನು ಕೊಂದರೆ ನಾನಾಗುತ್ತೀಯೆ, ಈ ಸರಪಳಿ ಕಡಿಯಬೇಕಾದರೆ ಕೊಲ್ಲದೆ ನನ್ನನ್ನು ಪ್ರೀತಿಸಬೇಕು ಎಂದು ಆ ಮುದುಕ ಬೇಡುತ್ತಾನೆ. ಪ್ರತಿನಿಧಿ ಗುಂಡು ಹಾರಿಸುತ್ತಾನೆ. ಬಳೆ ಮುಚ್ಚಿಕೊಳ್ಳುತ್ತದೆ.

ನಮ್ಮ ನೆಲದ ಕಥೆಗಳು

ಇಂಥ ಕಥೆ ಕನ್ನಡಕ್ಕೆ ಹೊಸದಲ್ಲ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದಲ್ಲಿ ಸಂಗ್ರಹಿಸಿದ ಒಂದು ಜನಪದ ಕಥೆಯನ್ನು ಈಡಿಪಸನ ಕಥೆಯೊಂದಿಗೆ ಹೋಲಿಸಿ ಚರ್ಚಿಸಿದ್ದಾರೆ. ತನ್ನ ಮಗನನ್ನೇ ಮದುವೆಯಾಗಿ ಅವನಿಂದ ಮಗುವನ್ನು ಹೆರುವುದು ಆ ಕಥೆಯ ಹೆಣ್ಣಿನ ಹಣೆಬರಹ. ಅದನ್ನು ತಪ್ಪಿಸಿಕೊಳ್ಳಲೆಂದೇ ಆಕೆ ಗಂಡಸರ ಮುಖ ನೋಡದೆ ಕಾಡು ಸೇರುತ್ತಾಳೆ. ಅಲ್ಲಿ ಹಣ್ಣೊಂದನ್ನು ತಿಂದು ಗರ್ಭ ಧರಿಸುತ್ತಾಳೆ. ಹುಟ್ಟಿದ ಗಂಡುಮಗುವನ್ನು ಸೀರೆಯ ತುಂಡಿನಲ್ಲಿ ಸುತ್ತಿ ನೀರಿಗೆ ಬಿಡುತ್ತಾಳೆ. ಬೇರೆಯವರ ಆಸರೆಯಲ್ಲಿ ಬೆಳೆದ ಅವನೇ ಮುಂದೊಂದು ದಿನ ಆ ಕಾಡಿಗೆ ಬಂದು ಅವಳನ್ನು ವರಿಸುತ್ತಾನೆ. ಅವರ ಮಗು ಹುಟ್ಟಿದಾಗ ಆ ಸೀರೆಯ ತುಂಡು ಹೊರಬಂದು ಗುಟ್ಟು ಬಯಲಾಗುತ್ತದೆ. ಆಕೆ ಮಗುವನ್ನು ತೂಗುತ್ತ ಮಗನೆಂದೂ ಮೊಮ್ಮಗನೆಂದೂ ಗಂಡನ ತಮ್ಮನೆಂದೂ ಕರೆದು ಜೋಗುಳ ಹಾಡಿ, ಆಮೇಲೆ ನೇಣು ಹಾಕಿಕೊಳ್ಳುತ್ತಾಳೆ. ಯಂತ್ರವಿಲ್ಲದೆಯೇ ಇಲ್ಲಿ ನಡೆದಿರುವುದು ಸ್ಪಿಯರಿಗ್ ಸೋದರರ ಚಿತ್ರದಲ್ಲಿ ನಡೆದದ್ದೇ: ಬೇರೆ ಬೇರೆಯಾಗಿರಬೇಕಾದ ಸಂಬಂಧಗಳೆಲ್ಲ ಒಂದರೊಳಗೊಂದು ಕುಸಿದು, ಮನುಷ್ಯಳಿಗೆ ಉಸಿರಾಡಲು ಜಾಗವಿಲ್ಲದಂತಾಗಿದೆ.

2024ರ ಮಾರ್ಚ್‌ನಲ್ಲಿ ಬಿಡುಗಡೆಯಾದ, ಶ್ರೀನಿಧಿ ಬೆಂಗಳೂರು ನಿರ್ದೇಶನದ ಕನ್ನಡ ಚಿತ್ರ ‘ಬ್ಲಿಂಕ್’ ಕೂಡ ಈ ವಂಶಕ್ಕೆ ಸೇರಿದ್ದು. ದೀಕ್ಷಿತ್ ಶೆಟ್ಟಿ ಅಭಿನಯಿಸಿದ ಅದರ ನಾಯಕನು ಕಣ್ಣು ಮಿಟುಕಿಸದೆ ಕಾಲದಾಚೆಗೆ ಹೋಗಬಲ್ಲವನು. ಈಡಿಪಸ್ ನಾಟಕದ ಎಳೆಯೂ ಆ ಚಿತ್ರದೊಳಗಿದೆ. ಪಿ. ಲಂಕೇಶರ ಅನುವಾದದ ಮೂಲಕ ಕನ್ನಡ ರಂಗಭೂಮಿಗೆ ಚಿರಪರಿಚಿತನಾದ ಆ ದೊರೆ, ಭವಿಷ್ಯವಾಣಿಯಿಂದ ಓಡಿಹೋಗುವ ದಾರಿಯಲ್ಲಿಯೇ ಅದನ್ನು ನಿಜಮಾಡಿದವನು. ಕಾಲಯಾನದ ಕಥೆಗಳು ಎಷ್ಟೇ ಹೊಸ ಯಂತ್ರಗಳನ್ನು ತಂದರೂ ಈ ಹಳೆಯ ಭಯವನ್ನೇ ಮರಳಿ ಹೇಳುತ್ತವೆ.

ಈ ಭಯ ಕಥೆಗಳಲ್ಲಿ ಮಾತ್ರ ಇರುವುದಲ್ಲ. ಚಾಮರಾಜನಗರ, ಉಡಿಗಾಲ, ಗುಂಡ್ಲುಪೇಟೆಯ ಕಡೆಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ನಂಬಿಕೆ ದಶಕಗಳ ಕಾಲ ರಾಜ್ಯದ ರಾಜಕಾರಣದಲ್ಲಿ ಬೇರೂರಿತ್ತು. 1997ರಲ್ಲಿ ಜಿಲ್ಲೆ ರಚನೆಯಾದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾಕೇಂದ್ರದಲ್ಲಿ ಅಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ. ಸಿದ್ದರಾಮಯ್ಯನವರು 2013ರಿಂದ 2018ರವರೆಗಿನ ತಮ್ಮ ಅವಧಿಯಲ್ಲಿ ಹಲವು ಬಾರಿ ಪಟ್ಟಣಕ್ಕೆ ಬಂದೂ ಐದು ವರ್ಷ ಪೂರೈಸಿದರು. ಬಿ.ಎಸ್. ಯಡಿಯೂರಪ್ಪನವರು ಪಟ್ಟಣದಿಂದ ದೂರವೇ ಉಳಿದರೂ 2011ರಲ್ಲಿಯೂ 2021ರಲ್ಲಿಯೂ ಅಧಿಕಾರ ಬಿಡಬೇಕಾಯಿತು. ಆ ಮಾತು ಸುಳ್ಳೆಂದು ಹೇಳಲು ಇಷ್ಟು ಸಾಕು. ಆದರೆ ಸುಳ್ಳಾಗಿದ್ದರೂ ಅದು ಕೆಲಸ ಮಾಡಿತು: ಆಳುವವರ ಕಾಲನ್ನು ತಡೆದು, ಜನರನ್ನು ಆಳುವವರಿಂದ ದೂರವಿಟ್ಟಿತು. ವಿಧಿಯ ಮಾತಿಗೆ ತನ್ನದೇ ಬಲವಿಲ್ಲ. ಅದಕ್ಕೆ ಹೆದರುವವರು ಅದಕ್ಕೆ ಬಲ ಕೊಡುತ್ತಾರೆ.

ತನಗೆ ತಾನೇ ಕಾರಣವಾಗಲು ಸಾಧ್ಯವೇ?

ಇನ್ನು ಚಿತ್ರಕ್ಕೆ ಮರಳೋಣ. ಅದರ ನಾಯಕನ ಇರವಿಗೆ ಹೊರಗಿನ ಯಾವ ಕಾರಣವೂ ಇಲ್ಲ. ಅವನನ್ನು ಹೆತ್ತವರೂ ಅವನೇ. ಸಂತ ತೋಮಸರು ‘ದೈವಶಾಸ್ತ್ರ ಸಂಗ್ರಹ’ದ ಮೊದಲ ಭಾಗದ ಎರಡನೆಯ ಪ್ರಶ್ನೆಯಲ್ಲಿ, ದೇವರ ಅಸ್ತಿತ್ವಕ್ಕೆ ಐದು ಮಾರ್ಗಗಳನ್ನು ವಿವರಿಸುವಾಗ, ಯಾವ ವಸ್ತುವೂ ತನಗೆ ತಾನೇ ನಿಮಿತ್ತಕಾರಣವಾಗಲಾರದು ಎನ್ನುತ್ತಾರೆ. ಹಾಗಾಗಬೇಕಾದರೆ ಅದು ತನಗಿಂತ ಮೊದಲೇ ಇರಬೇಕಾಗುತ್ತದೆ, ಅದು ಅಸಾಧ್ಯ. ಕಾಲಯಾನವನ್ನು ಊಹಿಸಿಕೊಂಡರೆ ಈ ಅಸಾಧ್ಯತೆ ತೀರಿಹೋಗುತ್ತದೆಯೇ? ಇಲ್ಲ. ಬಳೆಯ ಒಂದೊಂದು ಕೊಂಡಿಗೂ ಹಿಂದಿನ ಕೊಂಡಿಯನ್ನು ಕಾರಣವಾಗಿ ತೋರಿಸಬಹುದು. ಆದರೆ ಬಳೆಯೇ ಏಕಿದೆ ಎಂಬ ಪ್ರಶ್ನೆಗೆ ಬಳೆಯೊಳಗೆ ಉತ್ತರವಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಸೂಕ್ಷ್ಮವನ್ನು ಗಮನಿಸಬೇಕು. ದೇವರನ್ನು ನಾವು ಸ್ವಯಂಭು ಎಂದು ಕರೆದರೂ ಅವರು ತಮ್ಮನ್ನು ತಾವು ಉಂಟುಮಾಡಿಕೊಂಡರು ಎಂಬುದು ಅದರ ಅರ್ಥವಲ್ಲ. ಅವರು ಉಂಟಾದವರೇ ಅಲ್ಲ ಎಂಬುದು ಅರ್ಥ. ಅಲ್ಲದೆ ಆ ದೇವರೊಳಗೂ ಸುತನು ಅನಾದಿಯಾಗಿ ಪಿತನಿಂದ ಜನಿಸಿದವರು ಎಂದು ವಿಶ್ವಾಸಪ್ರಮಾಣದಲ್ಲಿ ಅರಿಕೆ ಮಾಡುತ್ತೇವೆ. ಹಿಬ್ರಿಯರಿಗೆ ಬರೆದ ಪತ್ರವು ಮೆಲ್ಕಿಸದೇಕನನ್ನು ತಂದೆತಾಯಿಗಳ ಉಲ್ಲೇಖವಿಲ್ಲದವನೆಂದು ವರ್ಣಿಸುವುದು ಅವನು ದೇವಪುತ್ರನ ಮುನ್ಸೂಚನೆ ಎಂದು ತೋರಿಸಲೇ ಹೊರತು, ಯಾರಿಂದಲೂ ಬಾರದಿರುವುದು ಹಿರಿಮೆ ಎಂದು ಹೇಳಲು ಅಲ್ಲ. ಇನ್ನೊಬ್ಬರಿಂದ ಬಂದವರಾಗಿರುವುದು ಕೊರತೆಯಲ್ಲ. ಸುತನಿಗೆ ಅದು ಕೊರತೆಯಲ್ಲದಿದ್ದ ಮೇಲೆ ಸೃಷ್ಟಿಗಳಾದ ನಮಗೆ ಹೇಗೆ ಕೊರತೆಯಾದೀತು? ಚಿತ್ರದ ನಾಯಕನ ದುರಂತವೆಂದರೆ ಅವನಿಗೆ ಇನ್ನೊಬ್ಬರೆಂಬುವರೇ ಇಲ್ಲ. ಅವನು ಪ್ರೀತಿಸಿದ್ದೂ ತನ್ನನ್ನೇ, ವಂಚಿಸಿದ್ದೂ ತನ್ನನ್ನೇ, ಕೊಂದದ್ದೂ ತನ್ನನ್ನೇ. ಪಾಪವೆಂದರೆ ಮನುಷ್ಯನು ತನ್ನೊಳಗೆ ತಾನೇ ಬಾಗಿಕೊಳ್ಳುವುದು ಎಂಬ ಕ್ರೈಸ್ತ ಪರಂಪರೆಯ ತಿಳಿವಳಿಕೆಗೆ ಇದಕ್ಕಿಂತ ಕಟುವಾದ ದೃಷ್ಟಾಂತ ಸಿಗುವುದು ಕಷ್ಟ.

ತಿಳಿದಿರುವುದು ಬೇರೆ, ಬಲವಂತಪಡಿಸುವುದು ಬೇರೆ

ಹಾಗಾದರೆ ದೇವರಿಗೆ ಮುಂದಿನದು ತಿಳಿದಿದೆಯಲ್ಲ, ಆ ತಿಳಿವೇ ಒಂದು ಬಳೆಯಾಗುವುದಿಲ್ಲವೇ? ಸಂತ ಅಗಸ್ಟೀನರು ಸ್ವತಂತ್ರ ಇಚ್ಛೆಯ ಕುರಿತ ತಮ್ಮ ಗ್ರಂಥದ ಮೂರನೆಯ ಭಾಗದಲ್ಲಿ ಇದಕ್ಕೆ ಸರಳ ಉತ್ತರ ಕೊಡುತ್ತಾರೆ. ನಿನ್ನೆ ನಡೆದದ್ದು ನನಗೆ ನೆನಪಿದೆ ಎಂಬ ಕಾರಣಕ್ಕೆ ನನ್ನ ನೆನಪು ಅದನ್ನು ನಡೆಸಿತು ಎನ್ನಲಾಗದು. ಹಾಗೆಯೇ ನಾಳೆ ನಡೆಯುವುದನ್ನು ದೇವರು ಅರಿತಿದ್ದಾರೆ ಎಂಬ ಕಾರಣಕ್ಕೆ ಅವರ ಅರಿವು ನಮ್ಮನ್ನು ಬಲವಂತಪಡಿಸುತ್ತದೆ ಎನ್ನಲಾಗದು.

ಆರನೆಯ ಶತಮಾನದಲ್ಲಿ ಬೊಯೆಥಿಯಸ್ ಈ ವಿಚಾರವನ್ನು ಮುಂದಕ್ಕೆ ಒಯ್ದರು. ರಾಜದ್ರೋಹದ ಆರೋಪ ಹೊತ್ತು, ಸುಮಾರು 524ರಲ್ಲಿ, ಮರಣದಂಡನೆಯನ್ನು ಎದುರುನೋಡುತ್ತ ಸೆರೆಯಲ್ಲಿದ್ದ ಅವರಿಗೆ ವಿಧಿಯ ಪ್ರಶ್ನೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ. ಅವರ ಉತ್ತರದ ತಿರುಳು ಇದು: ದೇವರು ಮುಂಚಿತವಾಗಿ ನೋಡುವುದಿಲ್ಲ, ಸುಮ್ಮನೆ ನೋಡುತ್ತಾರೆ. ನಿತ್ಯತೆಯೆಂದರೆ ಕೊನೆಯಿಲ್ಲದಷ್ಟು ಉದ್ದವಾದ ಕಾಲವಲ್ಲ. ಎಲ್ಲೆಯಿಲ್ಲದ ಜೀವವನ್ನು ಏಕಕಾಲದಲ್ಲಿ ಪೂರ್ಣವಾಗಿ ಹೊಂದಿರುವ ಸ್ಥಿತಿ. ಕಾಲಯಾತ್ರಿಕನೂ ಕಾಲದೊಳಗಿನವನೇ. ಅವನು 1963ರಿಂದ 1945ಕ್ಕೆ ಹಾರಿದರೂ ಅವನ ಗಡಿಯಾರ ಓಡುತ್ತಲೇ ಇರುತ್ತದೆ, ಅವನ ಕೂದಲು ನರೆಯುತ್ತಲೇ ಇರುತ್ತದೆ. ದೇವರನ್ನು ಎಲ್ಲಕ್ಕಿಂತ ಸಮರ್ಥನಾದ ಕಾಲಯಾತ್ರಿಕನೆಂದು ಕಲ್ಪಿಸಿಕೊಂಡಾಗಲೇ ನಮ್ಮ ತೊಡಕುಗಳೆಲ್ಲ ಆರಂಭವಾಗುವುದು.

ಸಂತ ತೋಮಸರು ಮೊದಲ ಭಾಗದ ಹದಿನಾಲ್ಕನೆಯ ಪ್ರಶ್ನೆಯಲ್ಲಿ ಕೊಡುವ ಉಪಮೆ ಪ್ರಸಿದ್ಧವಾದದ್ದು: ದಾರಿಯಲ್ಲಿ ನಡೆಯುವವನಿಗೆ ತನ್ನ ಹಿಂದೆ ಬರುವವರು ಕಾಣುವುದಿಲ್ಲ, ಎತ್ತರದಲ್ಲಿ ನಿಂತವನಿಗೆ ದಾರಿಯಲ್ಲಿರುವವರೆಲ್ಲರೂ ಒಟ್ಟಿಗೆ ಕಾಣುತ್ತಾರೆ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ನಿಂತು ಕೆಳಗಿನ ತಿರುವುಗಳಲ್ಲಿ ಬಸ್ಸು ಏರಿಬರುವುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಬಸ್ಸಿನೊಳಗಿರುವವರಿಗೆ ಮುಂದಿನ ತಿರುವು ಇನ್ನೂ ಬಾರದ್ದು, ಮೇಲಿರುವವನಿಗೆ ಅದು ಎದುರಿಗೇ ಇದೆ. ಆದರೂ ಚಕ್ರ ಚಾಲಕನ ಕೈಯಲ್ಲೇ ಇದೆ. ಆದರೆ ಈ ಉಪಮೆಗೂ ಮಿತಿಯುಂಟು. ದೇವರು ದೂರದಲ್ಲಿ ನಿಂತು ನೋಡುವ ಪ್ರೇಕ್ಷಕರಲ್ಲ. ನಮ್ಮನ್ನು ಪ್ರತಿಕ್ಷಣವೂ ಇರವಿನಲ್ಲಿ ಹಿಡಿದಿರುವವರು ಅವರೇ. ಅನಿವಾರ್ಯವಾದದ್ದು ಅನಿವಾರ್ಯವಾಗಿಯೂ ಸ್ವತಂತ್ರವಾದದ್ದು ಸ್ವತಂತ್ರವಾಗಿಯೂ ನಡೆಯುವಂತೆ ಮಾಡುವುದು ಅವರ ಪರಿಪಾಲನೆಯ ರೀತಿ ಎಂದು ತೋಮಸರು ಇಪ್ಪತ್ತೆರಡನೆಯ ಪ್ರಶ್ನೆಯಲ್ಲಿ ಸ್ಪಷ್ಟಪಡಿಸುತ್ತಾರೆ. ನಮ್ಮ ಸ್ವಾತಂತ್ರ್ಯವು ದೇವರಿಂದ ಕದ್ದುಕೊಂಡದ್ದಲ್ಲ, ದೇವರು ಕೊಟ್ಟದ್ದು.

ಶುಭಸಂದೇಶದಲ್ಲಿ ಇದಕ್ಕೆ ಜೀವಂತ ನಿದರ್ಶನವಿದೆ. ಕಡೆಯ ಭೋಜನದ ರಾತ್ರಿ ಯೇಸುಸ್ವಾಮಿ ಪೇತ್ರನಿಗೆ, ಕೋಳಿ ಕೂಗುವ ಮೊದಲೇ ನೀನು ನನ್ನನ್ನು ಮೂರು ಸಾರಿ ನಿರಾಕರಿಸುವೆ ಎಂದು ಮುಂತಿಳಿಸುತ್ತಾರೆ. ಮೇಲ್ನೋಟಕ್ಕೆ ಇದು ಈಡಿಪಸನಿಗೆ ದೊರೆತ ಭವಿಷ್ಯವಾಣಿಯಂತೆಯೇ ಇದೆ. ಪೇತ್ರನೂ ಅದನ್ನು ತಳ್ಳಿಹಾಕುತ್ತಾನೆ, ಅದು ನಡೆದೇ ನಡೆಯುತ್ತದೆ. ಆದರೆ ಸಂತ ಲೂಕನು ದಾಖಲಿಸುವಂತೆ, ಅದನ್ನು ಹೇಳುವ ಮುಂಚೆಯೇ ಯೇಸುಸ್ವಾಮಿ ಪೇತ್ರನ ವಿಶ್ವಾಸ ಕುಂದದಿರಲೆಂದು ಪ್ರಾರ್ಥಿಸಿದ್ದಾರೆ. ತಿರುಗಿಬಂದ ಮೇಲೆ ಸಹೋದರರನ್ನು ದೃಢಪಡಿಸು ಎಂಬ ಹೊಣೆಯನ್ನೂ ಕೊಟ್ಟಿದ್ದಾರೆ. ಗ್ರೀಕರ ಭವಿಷ್ಯವಾಣಿ ಪತನವನ್ನು ಮಾತ್ರ ಬಲ್ಲದು. ಯೇಸುಸ್ವಾಮಿಯ ಮಾತು ಪತನವನ್ನೂ ಅದರಾಚೆಗಿನ ಮರಳುವಿಕೆಯನ್ನೂ ಬಲ್ಲದು. ಮೊದಲೇ ಅರಿತವರು ಮೊದಲೇ ಪ್ರಾರ್ಥಿಸಿದರು. ಈಡಿಪಸನು ತನ್ನ ಕಣ್ಣುಗಳನ್ನು ಇರಿದುಕೊಂಡನು, ಪೇತ್ರನ ಕಣ್ಣುಗಳಲ್ಲಿ ನೀರು ಬಂತು.

ಪೂರ್ವನೇಮಕವೆಂದರೆ ಮಕ್ಕಳಾಗುವ ಕರೆ

ಸಂತ ಪೌಲರು ಬಳಸಿದ ಗ್ರೀಕ್ ಕ್ರಿಯಾಪದ ‘ಪ್ರೊಒರಿಝೊ’. ಮೊದಲೇ ಎಲ್ಲೆ ಗುರುತಿಸುವುದು ಎಂಬುದು ಅದರ ಮೂಲಾರ್ಥ. ರೋಮನರಿಗೆ ಬರೆದ ಪತ್ರದ ಎಂಟನೆಯ ಅಧ್ಯಾಯದಲ್ಲಿಯೂ ಎಫೆಸದವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿಯೂ ಆ ಪದ ಬರುವ ಸಂದರ್ಭವನ್ನು ನೋಡಬೇಕು. ಯಾವುದಕ್ಕೆ ನೇಮಿಸಲಾಗಿದೆ? ಸುತನ ರೂಪವನ್ನು ಹೊಂದುವುದಕ್ಕೆ, ಅನೇಕ ಸಹೋದರರ ನಡುವೆ ಆತನು ಜ್ಯೇಷ್ಠನಾಗುವುದಕ್ಕೆ, ಕ್ರಿಸ್ತನ ಮೂಲಕ ದೇವರ ದತ್ತುಮಕ್ಕಳಾಗುವುದಕ್ಕೆ, ಬಾಧ್ಯತೆಯಲ್ಲಿ ಪಾಲು ಪಡೆಯುವುದಕ್ಕೆ. ಘಟನೆಗಳ ಪಟ್ಟಿಯೊಂದನ್ನು ಮೊದಲೇ ಬರೆದಿಡಲಾಗಿದೆ ಎಂದು ಪೌಲರು ಅಲ್ಲಿ ಹೇಳುತ್ತಿಲ್ಲ. ತಂದೆಯೊಬ್ಬನು ಮಗ ಹುಟ್ಟುವ ಮೊದಲೇ ಅವನಿಗೆಂದು ಜಮೀನಿನಲ್ಲಿ ಎಲ್ಲೆಗಲ್ಲು ನೆಟ್ಟು ಒಂದು ಪಾಲನ್ನು ಮೀಸಲಿಟ್ಟಂತೆ ಇದು. ಪಾಲು ಮಗನದು, ಅವನು ಗಳಿಸಿದ್ದಲ್ಲ. ಆದರೂ ಅವನು ಬಂದು ಉಳಬೇಕು; ಬೆನ್ನು ತಿರುಗಿಸಿ ಹೋಗಲೂಬಹುದು.

ಚಿತ್ರದ ನಾಯಕನು ಅನಾಥನಾಗಿಯೇ ಹುಟ್ಟಿ ಅನಾಥನಾಗಿಯೇ ಸಾಯುತ್ತಾನೆ. ಅನಾಥನನ್ನು ಮಗನನ್ನಾಗಿ ಮಾಡಿಕೊಳ್ಳುವುದೇ ಪೌಲರ ಪೂರ್ವನೇಮಕ. ಒಂದೇ ಪದ, ತೀರ ವಿರುದ್ಧವಾದ ಎರಡು ಅರ್ಥಗಳು.

ಧರ್ಮಸಭೆಯು ಈ ಬೋಧನೆಯನ್ನು ವಿಧಿವಾದದಿಂದ ಎಚ್ಚರಿಕೆಯಿಂದ ಕಾಪಾಡಿಕೊಂಡು ಬಂದಿದೆ. ದೇವರು ಕೆಲವರನ್ನು ಕೇಡಿಗೆ ನೇಮಿಸಿದ್ದಾರೆ ಎಂಬ ಅಭಿಪ್ರಾಯವನ್ನು 529ರ ಒರಾಂಜ್ ಸಭೆ ಖಂಡಿಸಿತು. ತ್ರೆಂತ್ ಮಹಾಸಭೆಯು 1547ರ ತನ್ನ ಆರನೆಯ ಅಧಿವೇಶನದಲ್ಲಿ ಅದನ್ನು ಮತ್ತೆ ತಿರಸ್ಕರಿಸಿತು. ವಿಶೇಷ ಪ್ರಕಟನೆಯಿಲ್ಲದೆ ತಾನು ಆಯ್ಕೆಯಾದವರ ಸಾಲಿನಲ್ಲಿದ್ದೇನೆಂದು ಯಾರೂ ಖಚಿತವಾಗಿ ಭಾವಿಸಬಾರದೆಂದೂ ಬೋಧಿಸಿತು. ವರಪ್ರಸಾದವೂ ಮಾನವನ ಸ್ವಾತಂತ್ರ್ಯವೂ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದರ ಕುರಿತು ದೊಮಿನಿಕನ್ ಸಭೆಯ ಬಾನ್ಯೆಸರ ಅನುಯಾಯಿಗಳಿಗೂ ಯೇಸುಸಭೆಯ ಮೊಲಿನಾರ ಅನುಯಾಯಿಗಳಿಗೂ ನಡೆದ ತೀವ್ರ ವಿವಾದವನ್ನು 1607ರಲ್ಲಿ ಜಗದ್ಗುರು ಐದನೆಯ ಪೌಲರು ಯಾರ ಪರವಾಗಿಯೂ ತೀರ್ಪು ಕೊಡದೆ ನಿಲ್ಲಿಸಿದರು. ಒಬ್ಬರು ಇನ್ನೊಬ್ಬರನ್ನು ಪಾಷಂಡಿಗಳೆನ್ನಬಾರದೆಂದು ವಿಧಿಸಿದರು. ರಹಸ್ಯದ ಎರಡು ತುದಿಗಳನ್ನೂ ಬಿಡದೆ ಹಿಡಿದಿರಬೇಕೆಂಬ ವಿವೇಕ ಅದರಲ್ಲಿದೆ. ಇಂದಿನ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ತನ್ನ 600ನೆಯ ಪರಿಚ್ಛೇದದಲ್ಲಿ ದೇವರ ಪೂರ್ವನೇಮಕವು ಪ್ರತಿಯೊಬ್ಬರ ಸ್ವತಂತ್ರ ಪ್ರತಿಕ್ರಿಯೆಯನ್ನು ಒಳಗೊಂಡಿರುತ್ತದೆಂದು ಬೋಧಿಸುತ್ತದೆ.

ಮೊಮ್ಮಗಳು ಕೇಳಿದ ಪ್ರಾರ್ಥನೆಯ ಪ್ರಶ್ನೆಗೂ ಇಲ್ಲಿಯೇ ಉತ್ತರವಿದೆ. ಪ್ರಾರ್ಥನೆಯಿಂದ ಪೂರ್ವನೇಮಕಕ್ಕೆ ಸಹಾಯವಾಗುವುದೇ ಎಂದು ತೋಮಸರು ಇಪ್ಪತ್ತಮೂರನೆಯ ಪ್ರಶ್ನೆಯ ಕೊನೆಯಲ್ಲಿ ಕೇಳಿ, ದೇವರ ನಿರ್ಣಯವನ್ನು ಅದು ಬದಲಿಸದಿದ್ದರೂ ಆ ನಿರ್ಣಯ ಫಲಿಸುವ ದಾರಿಗಳಲ್ಲಿ ಅದೂ ಒಂದು ಎನ್ನುತ್ತಾರೆ. ಬೆಳೆ ಬರಲೆಂದು ಬಯಸಿದ ದೇವರು ಬಿತ್ತನೆಯನ್ನೂ ಬಯಸಿದ್ದಾರೆ. ಬೇಡಿದ ಫಲ ದೊರೆಯದಿದ್ದಾಗಲೂ ಬೇಡಿದ್ದು ವ್ಯರ್ಥವಲ್ಲ. ತೋಟದಲ್ಲಿ ಪಾತ್ರೆಯನ್ನು ತೊಲಗಿಸೆಂದು ಬೇಡಿದ ಸುತನ ಪ್ರಾರ್ಥನೆಯ ಜೊತೆಗೆ ಅದು ಸೇರಿರುತ್ತದೆ.

ಹಿಂದಕ್ಕೆ ಹೋಗಿ ಸರಿಪಡಿಸುವ ಆಸೆ

ಕಾಲಯಾನದ ಕಥೆಗಳ ಆಕರ್ಷಣೆ ಭವಿಷ್ಯದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಗತಕಾಲದಲ್ಲಿದೆ. ಆ ದಿನ ಆ ಮಾತನ್ನು ಆಡದೆ ಇದ್ದಿದ್ದರೆ, ಆ ರಾತ್ರಿ ಗಾಡಿ ಕೊಡದೆ ಇದ್ದಿದ್ದರೆ ಎಂದು ಹಲುಬುವವರನ್ನು ಪಾಪನಿವೇದನೆಯ ಪೀಠದಲ್ಲಿ ಕುಳಿತ ಪ್ರತಿಯೊಬ್ಬ ಗುರುವೂ ಬಲ್ಲನು. ಸಂತ ತೋಮಸರು ಇಪ್ಪತ್ತೈದನೆಯ ಪ್ರಶ್ನೆಯಲ್ಲಿ, ನಡೆದುಹೋದದ್ದನ್ನು ನಡೆಯದಂತೆ ಮಾಡುವುದು ಸರ್ವಶಕ್ತರಾದ ದೇವರಿಗೂ ಸಲ್ಲದು, ಏಕೆಂದರೆ ಅದು ಪರಸ್ಪರ ವಿರೋಧ ಎಂದು ಹೇಳುತ್ತಾರೆ. ಮೊದಲ ಓದಿಗೆ ಇದು ನಿಷ್ಠುರ ಮಾತಿನಂತೆ ಕಾಣುತ್ತದೆ. ವಿಚಾರಿಸಿದರೆ ಇದರಲ್ಲಿ ದೊಡ್ಡ ಸಾಂತ್ವನವಿದೆ. ದೇವರ ಕ್ಷಮೆಗೆ ಕಾಲಯಂತ್ರ ಬೇಕಾಗಿಲ್ಲ. ಅವರು ಗತವನ್ನು ಅಳಿಸುವುದಿಲ್ಲ, ಗುಣಪಡಿಸುತ್ತಾರೆ. ಪುನರುತ್ಥಾನರಾದ ಪ್ರಭುವಿನ ದೇಹದಲ್ಲಿ ಗಾಯಗಳು ಮಾಯವಾಗಿರಲಿಲ್ಲ. ತೋಮನು ಅವನ್ನು ಕಂಡೇ ಪ್ರಭುವನ್ನು ಗುರುತಿಸಿದನು. ಪಾಸ್ಖ ಜಾಗರಣೆಯ ಘೋಷಣಾಗೀತೆಯು ಆದಾಮನ ತಪ್ಪನ್ನೇ ಧನ್ಯವೆಂದು ಕರೆಯುವುದು ಆ ತಪ್ಪು ನಡೆಯಲಿಲ್ಲ ಎಂಬ ಕಾರಣಕ್ಕಲ್ಲ, ಅದಕ್ಕೆ ದೊರೆತ ವಿಮೋಚಕರ ಕಾರಣಕ್ಕೆ.

ಚಿತ್ರದ ಬಾಂಬುಗಾರನು ಬೇರೊಂದು ದಾರಿ ಹಿಡಿಯುತ್ತಾನೆ. ತನ್ನ ಸ್ಫೋಟಗಳಿಂದ ಮುಂದಿನ ದೊಡ್ಡ ಅನಾಹುತಗಳು ತಪ್ಪಿವೆ ಎಂದು ಆತ ಸಮರ್ಥಿಸಿಕೊಳ್ಳುತ್ತಾನೆ. ಜನರೆಲ್ಲ ನಾಶವಾಗುವುದಕ್ಕಿಂತ ಒಬ್ಬನು ಸಾಯುವುದು ಮೇಲು ಎಂದ ಕಾಯಫನ ಲೆಕ್ಕಾಚಾರವೂ ಇದೇ. ಭವಿಷ್ಯವು ತನ್ನ ಅಂಗೈಯಲ್ಲಿದೆ ಎಂದುಕೊಂಡವನಿಗೆ ಎದುರಿಗಿರುವ ಮನುಷ್ಯ ಒಂದು ಅಂಕಿಯಾಗಿಬಿಡುತ್ತಾನೆ. ಆದರೆ ಅದೇ ಮುದುಕನ ಬಾಯಲ್ಲಿ ಚಿತ್ರವು ಸತ್ಯವನ್ನೂ ನುಡಿಸಿದೆ: ಪ್ರೀತಿಸಿದರೆ ಸರಪಳಿ ಕಡಿಯುತ್ತದೆ. ಶತ್ರುಗಳನ್ನು ಪ್ರೀತಿಸಿರಿ ಎಂಬ ಪರ್ವತಪ್ರಸಂಗದ ಆಜ್ಞೆಯನ್ನು ಕಥೆ ತನಗರಿವಿಲ್ಲದೆಯೇ ಮುಟ್ಟುತ್ತದೆ. ಆ ಕ್ಷಣದಲ್ಲಿ ಪ್ರತಿನಿಧಿಯ ಬೆರಳನ್ನು ಯಾವ ವಿಧಿಯೂ ಒತ್ತಲಿಲ್ಲ. ಮುಂದೇನಾಗುವುದೆಂದು ಅವನಿಗೆ ಹೇಳಲಾಗಿತ್ತು, ಬಿಡುಗಡೆಯ ದಾರಿಯನ್ನೂ ತೋರಿಸಲಾಗಿತ್ತು. ನಿನೆವೆಯ ಜನರಿಗೂ ಹಾಗೆಯೇ ನಾಶದ ದಿನವನ್ನು ಹೇಳಲಾಗಿತ್ತು. ಅವರು ಪಶ್ಚಾತ್ತಾಪಪಟ್ಟರು, ಆ ಮಾತು ನಡೆಯದೆ ಹೋಯಿತು. ಅದಕ್ಕೆ ಬೇಸರಪಟ್ಟವನು ಪ್ರವಾದಿ ಯೋನನೊಬ್ಬನೇ. ಚಿತ್ರದ ನಾಯಕನಿಗೆ ಕೊರತೆಯಾದದ್ದು ಸ್ವಾತಂತ್ರ್ಯವಲ್ಲ. ಒಮ್ಮೆಯಾದರೂ ಇನ್ನೊಬ್ಬರಿಂದ ಪ್ರೀತಿಸಲ್ಪಟ್ಟ ಅನುಭವ ಅವನಿಗಿರಲಿಲ್ಲ. ನಾವು ಪ್ರೀತಿಸಬಲ್ಲೆವೆಂದರೆ ಮೊದಲು ಪ್ರೀತಿಸಲ್ಪಟ್ಟಿದ್ದರಿಂದ ಎಂದು ಸಂತ ಯೊವಾನ್ನನ ಮೊದಲ ಪತ್ರ ಕಲಿಸುತ್ತದೆ. ಆ ‘ಮೊದಲು’ ಎಂಬುದರಲ್ಲಿಯೇ ಪೂರ್ವನೇಮಕದ ಸಾರವಿದೆ.

ಬೋಧಕರ ಹೊಣೆ

ಇದರಿಂದ ನಮ್ಮ ಬೋಧನೆಗೆ ಎರಡು ಎಚ್ಚರಿಕೆಗಳು ದೊರೆಯುತ್ತವೆ. ಮೊದಲನೆಯದು, ಮನುಷ್ಯರು ಹೊರಬೇಕಾದ ಹೊಣೆಯನ್ನು ದೇವರ ಚಿತ್ತದ ಮೇಲೆ ಹೊರಿಸಬಾರದು. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರೆಂದು ವರದಿಯಾಯಿತು. ಹೈಕೋರ್ಟ್ ನೇಮಿಸಿದ ಸಮಿತಿಯು ಅಲ್ಲಿ ಆಮ್ಲಜನಕದ ಕೊರತೆಯಾಗಿತ್ತೆಂದು ಕಂಡುಕೊಂಡಿತು. ಅಂಥ ಸಾವಿನ ಮುಂದೆ ನಿಂತು, ಅವರ ಆಯುಷ್ಯ ಅಷ್ಟೇ ಬರೆದಿತ್ತು ಎಂದು ಗುರುವು ಹೇಳಿದರೆ, ಅದು ಸಾಂತ್ವನದಂತೆ ಕೇಳಿಸಿದರೂ ಎರಡು ಅನ್ಯಾಯಗಳನ್ನು ಮಾಡುತ್ತದೆ: ಸತ್ತವರ ಪರವಾಗಿ ಕೇಳಬೇಕಾದ ಪ್ರಶ್ನೆಯನ್ನು ಅಡಗಿಸುತ್ತದೆ, ದೇವರನ್ನು ಆ ಕೊರತೆಯ ಕರ್ತೃವನ್ನಾಗಿ ಮಾಡುತ್ತದೆ. ದೇವರು ಕೇಡನ್ನು ಅನುಮತಿಸುವುದು ಬೇರೆ, ಇಚ್ಛಿಸುವುದು ಬೇರೆ ಎಂಬ ಭೇದವನ್ನು ಗುರುಮಠದ ಮೊದಲ ವರ್ಷಗಳಲ್ಲಿಯೇ ಕಲಿಯುತ್ತೇವೆ. ಸಾವಿನ ಮನೆಯಲ್ಲಿ ಅದನ್ನು ಮರೆಯಬಾರದು.

ಎರಡನೆಯದು, ಹಣೆಬರಹ ಎಂಬ ಮಾತನ್ನು ಹಿರಿಯರ ಬಾಯಿಂದ ಕೇಳಿದೊಡನೆ ಅದನ್ನು ಮೂಢನಂಬಿಕೆಯೆಂದು ಜರೆಯುವುದೂ ಸರಿಯಲ್ಲ. ತನ್ನ ಬದುಕು ಸಂಪೂರ್ಣ ತನ್ನ ಕೈಯಲ್ಲಿಲ್ಲ ಎಂಬ ಅನುಭವ ಆ ಮಾತಿನಲ್ಲಿದೆ, ಮತ್ತು ಆ ಅನುಭವ ನಿಜವಾದದ್ದು. ತಿದ್ದಬೇಕಾದದ್ದು ಬರೆದ ಕೈ ಯಾರದು, ಬರಹ ಎಲ್ಲಿದೆ ಎಂಬುದನ್ನು. ಪ್ರವಾದಿ ಯೆಶಾಯನ ಗ್ರಂಥದ ನಲವತ್ತೊಂಬತ್ತನೆಯ ಅಧ್ಯಾಯದಲ್ಲಿ ದೇವರು ತಮ್ಮ ಜನರನ್ನು ಚಿತ್ರಿಸಿಕೊಂಡಿರುವುದು ಜನರ ಹಣೆಯ ಮೇಲಲ್ಲ, ತಮ್ಮ ಅಂಗೈಗಳ ಮೇಲೆ. ತೋಮನು ಗಾಯಗಳನ್ನು ಕಂಡದ್ದೂ ಅಂಥದೇ ಕೈಗಳಲ್ಲಿ. ಇನ್ನು ನಮ್ಮ ಹಣೆಯ ಮೇಲೆ ಇರುವುದು ಸ್ನಾನದೀಕ್ಷೆಯ ದಿನ ಗುರುಗಳೂ ಹೆತ್ತವರೂ ಜ್ಞಾನಪೋಷಕರೂ ಎಳೆದ ಶಿಲುಬೆಯ ಗುರುತು. ಅದನ್ನು ಯಾರೂ ತಮ್ಮ ಮೇಲೆ ತಾವೇ ಎಳೆದುಕೊಂಡವರಲ್ಲ. ಸಾವಿನ ಮನೆಯಲ್ಲಿ ಹಿರಿಯರು ಹಣೆಬರಹದ ಮಾತೆತ್ತಿದಾಗ, ಆ ಗುರುತನ್ನು ಅವರಿಗೆ ನೆನಪಿಸಿ ಅಲ್ಲಿಂದಲೇ ಮಾತನ್ನು ಆರಂಭಿಸಬಹುದು.